ಬಣ್ಣ ಕಳೆದುಕೊಂಡ ಬೀಟ್‌ರೂಟ್ ಕೇಕ್: ತಪ್ಪು ಅಳತೆಯ ಪಾಕವಿಧಾನವೊಂದರ ಪ್ರಕರಣ ಅಧ್ಯಯನ

ತರಕಾರಿ ಹಾಕಿ ಮಾಡಿದ ಕೇಕ್ ಕೆಟ್ಟರೆ ಮಾಡಿದವರು ಮೊದಲು ತಮ್ಮ ಕೈಯನ್ನು ದೂರುತ್ತಾರೆ, ಆಮೇಲೆ ಓವನ್ನನ್ನು ದೂರುತ್ತಾರೆ. ಎದುರಿಗಿಟ್ಟುಕೊಂಡ ಪಾಕವಿಧಾನವೇ ತಪ್ಪಾಗಿರಬಹುದೆಂಬ ಅನುಮಾನ ಬರುವುದು ಕಟ್ಟಕಡೆಗೆ. ಮೈಸೂರಿನಲ್ಲಿ ಮನೆಯಿಂದಲೇ ಕೇಕ್ ಮಾಡಿಕೊಡುವ ಗೃಹಿಣಿಯೊಬ್ಬರ ವಿಷಯದಲ್ಲಿಯೂ ಹಾಗೆಯೇ ಆಯಿತು. ಮಗುವಿನ ಹುಟ್ಟುಹಬ್ಬಕ್ಕೆ ಕೃತಕ ಬಣ್ಣವಿಲ್ಲದ ಕೆಂಪು ಕೇಕ್ ಬೇಕೆಂದು ಒಬ್ಬ ತಾಯಿ ಅವರನ್ನು ಕೇಳಿದ್ದರು. ಕ್ಯಾರೆಟ್ ಕೇಕಿನಲ್ಲಿ ಒಳ್ಳೆಯ ಹೆಸರು ಮಾಡಿದ್ದ ಆ ಗೃಹಿಣಿ, ಪರಿಚಿತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಬೀಟ್‌ರೂಟ್ ಕೇಕಿನ ಪಾಕವಿಧಾನವೊಂದನ್ನು ಆರಿಸಿಕೊಂಡರು. ಭಾನುವಾರ ಸಂಜೆ ಕೇಕ್ ಕೊಡಬೇಕಿತ್ತು. ಶುಕ್ರವಾರ ರಾತ್ರಿ ಪರೀಕ್ಷೆಗೆಂದು ಮಾಡಿದ ಕೇಕ್ ಪೂರ್ತಿ ಕೆಟ್ಟಿತು. ಮನೆಯಲ್ಲಿ ಬೇಕಿಂಗ್ ಮಾಡುವವರಿಗೆ ಅಳತೆ ಮತ್ತು ತೂಕದ ವಿಷಯದಲ್ಲಿ ನೆರವಾಗುವ ಅಭ್ಯಾಸ ನನಗಿರುವುದರಿಂದ, ಶನಿವಾರ ಬೆಳಿಗ್ಗೆ ಅವರು ನನ್ನನ್ನು ಕರೆಸಿಕೊಂಡರು.

ಪಾಕವಿಧಾನದಲ್ಲಿ ಇದ್ದದ್ದು ಇಷ್ಟು: ಮೈದಾ 2 ಕಪ್, ಸಕ್ಕರೆ ಒಂದೂವರೆ ಕಪ್, ಎಣ್ಣೆ ಮುಕ್ಕಾಲು ಕಪ್, ಮೊಟ್ಟೆ 3, ಮೊಸರು ಅರ್ಧ ಕಪ್, ಬೀಟ್‌ರೂಟ್ 2 ಕಪ್, ಕೋಕೋ ಪುಡಿ 2 ಟೇಬಲ್ ಚಮಚ, ಅಡುಗೆ ಸೋಡ 1 ಟೇಬಲ್ ಚಮಚ, ಅರ್ಧ ಟೀ ಚಮಚ ಉಪ್ಪು, ಸ್ವಲ್ಪ ವೆನಿಲ್ಲಾ ಎಸೆನ್ಸ್. ಎಲ್ಲವನ್ನೂ ಕಲಸಿ 7 ಇಂಚಿನ ದುಂಡು ಅಚ್ಚಿಗೆ ಸುರಿದು, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬೇಯಿಸಬೇಕು ಎಂದಿತ್ತು. ಓದುವಾಗ ಯಾವುದೂ ಎದ್ದು ಕಾಣುವಂತೆ ವಿಚಿತ್ರವಾಗಿಲ್ಲ. ಇಂಥ ಪಾಕವಿಧಾನಗಳ ಅಪಾಯವಿರುವುದು ಅಲ್ಲಿಯೇ: ತಪ್ಪುಗಳು ಸರಿಯಾದ ಸಾಮಗ್ರಿಗಳ ಮಧ್ಯೆ, ಸರಿಯಾದ ಕ್ರಮದ ಮಧ್ಯೆ ಅಡಗಿ ಕುಳಿತಿರುತ್ತವೆ.

ಕೆಟ್ಟ ಕೇಕನ್ನು ಅವರು ಎಸೆಯದೆ ಇಟ್ಟಿದ್ದರು, ಅದರಿಂದ ಬಹಳ ಅನುಕೂಲವಾಯಿತು. ಮೇಲ್ಪದರ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಾಗಿತ್ತು. ಅಂಚು ಎದ್ದು ನಿಂತು ನಡುಭಾಗ ಎರಡು ಬೆರಳಿನಷ್ಟು ಕುಸಿದಿತ್ತು. ಅಚ್ಚಿನಿಂದ ಉಕ್ಕಿದ ಹಿಟ್ಟು ಓಟಿಜಿಯ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್ನಿನ) ಕೆಳಗಿನ ಕಾಯಿಲ್ ಮೇಲೆ ಬಿದ್ದು ಸೀದಿತ್ತು. ಕತ್ತರಿಸಿ ನೋಡಿದರೆ ಮೇಲಿನ ಅರ್ಧದಲ್ಲಿ ದೊಡ್ಡ ದೊಡ್ಡ ತೂತುಗಳು. ತಳದಲ್ಲಿ ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ, ಚಾಕುವಿಗೆ ಅಂಟಿಕೊಳ್ಳುವ, ಬೆಂದೂ ಬೇಯದಂತಿರುವ ಪದರ. ಒಳಗೆಲ್ಲೂ ಕೆಂಪಿನ ಸುಳಿವಿರಲಿಲ್ಲ, ಹಳದಿ ಬೆರೆತ ಕಂದು ಬಣ್ಣವಷ್ಟೇ ಇತ್ತು. ಒಂದು ಚೂರು ಬಾಯಿಗಿಟ್ಟರೆ ಮೊದಲು ಸಿಹಿ, ಮರುಕ್ಷಣವೇ ಸೋಪಿನ ರುಚಿ, ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ನಿಲ್ಲುವ ಕಹಿ.

ಆ ಗೃಹಿಣಿಯ ಮಟ್ಟಿಗೆ ಕಾರಣ ಆಗಲೇ ತೀರ್ಮಾನವಾಗಿತ್ತು: ಹಿಟ್ಟನ್ನು ಹೆಚ್ಚು ಹೊತ್ತು ಕಲಸಿದ್ದು, ಓವನ್ನನ್ನು ಸರಿಯಾಗಿ ಮೊದಲೇ ಕಾಯಿಸದಿದ್ದದ್ದು. ಆದ್ದರಿಂದ ಅದೇ ಪಾಕವಿಧಾನದಂತೆ, ಇನ್ನಷ್ಟು ಎಚ್ಚರದಿಂದ ಮತ್ತೊಮ್ಮೆ ಮಾಡಲು ಅವರು ಒಣ ಸಾಮಗ್ರಿಗಳನ್ನೆಲ್ಲ ಜರಡಿ ಹಿಡಿದು ಪಾತ್ರೆಯಲ್ಲಿ ಸಿದ್ಧವಾಗಿಟ್ಟಿದ್ದರು. ಬೀಟ್‌ರೂಟ್ ಕೂಡ ಬೇಯಿಸಿ ಮಿಕ್ಸಿಯಲ್ಲಿ ರುಬ್ಬಿಯಾಗಿತ್ತು. ಹೆಚ್ಚು ಕಲಸಿದರೆ ಕೇಕ್ ಗಟ್ಟಿಯಾಗಿ ನಾರುನಾರಾಗುತ್ತದೆಯೇ ಹೊರತು ಸೋಪಿನ ರುಚಿ ಬರುವುದಿಲ್ಲ. ಓವನ್ ಕಾಯದಿದ್ದರೆ ಕೇಕ್ ಬಿಳಿಚಿಕೊಳ್ಳುತ್ತದೆ, ಕಪ್ಪಾಗುವುದಿಲ್ಲ. ಕೈಯ ತಪ್ಪಿಗೂ ಕಾಗದದ ತಪ್ಪಿಗೂ ಬೇರೆ ಬೇರೆ ಗುರುತುಗಳಿವೆ. ಈ ಕೇಕಿನ ಮೇಲಿದ್ದವು ಎರಡನೆಯ ಬಗೆಯವು. ಹೀಗಾಗಿ ಎರಡನೆಯ ಬಾರಿ ಓವನ್ ಹಚ್ಚುವ ಮೊದಲು ಕಪ್ ಮತ್ತು ಚಮಚದ ಅಳತೆಗಳನ್ನೆಲ್ಲ ಗ್ರಾಮಿಗೆ ಇಳಿಸಿ ಬರೆದುಕೊಂಡೆವು.

ಸೋಡದ ಲೆಕ್ಕ

ಸಾಧಾರಣವಾಗಿ ಒಂದು ಕಪ್ ಮೈದಾಕ್ಕೆ ಕಾಲು ಟೀ ಚಮಚ ಅಡುಗೆ ಸೋಡ ಸಾಕು, ಅದೂ ಮೊಸರು, ಮಜ್ಜಿಗೆ, ನಿಂಬೆರಸದಂಥ ಹುಳಿ ಜೊತೆಗಿದ್ದಾಗ. ತರಕಾರಿ ಕೇಕಿನ ಹಿಟ್ಟು ಭಾರವಾಗಿರುವುದರಿಂದ ಎರಡು ಕಪ್ಪಿಗೆ ಒಂದು ಟೀ ಚಮಚದವರೆಗೆ ಹಾಕುವವರಿದ್ದಾರೆ. ಇಲ್ಲಿ ಬರೆದಿದ್ದದ್ದು ಒಂದು ಟೇಬಲ್ ಚಮಚ, ಅಂದರೆ ಅದರ ಮೂರು ಪಟ್ಟು, ಸುಮಾರು 15 ಗ್ರಾಂ. ಮೂಲದಲ್ಲಿ ಇದ್ದದ್ದು ಟೀ ಚಮಚವೇ ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಇಂಗ್ಲಿಷಿನಲ್ಲಿ ಈ ಎರಡರ ಸಂಕ್ಷೇಪಗಳಿಗೆ ಒಂದೇ ಅಕ್ಷರದ ವ್ಯತ್ಯಾಸವಿರುವುದರಿಂದ ನಕಲು ಮಾಡುವಾಗ ಆಗುವ ಅತಿ ಸಾಮಾನ್ಯ ತಪ್ಪು ಇದು.

ಅಷ್ಟು ಸೋಡದಿಂದ ಏನಾಗುತ್ತದೆ ಎಂಬುದನ್ನು ಕೆಟ್ಟ ಕೇಕೇ ಹೇಳುತ್ತಿತ್ತು. ಹುಳಿಯ ಜೊತೆ ಸೇರಿದ ಸೋಡ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದರಿಂದ ಕೇಕ್ ಉಬ್ಬುತ್ತದೆ. ಹುಳಿ ಸಿಗದೆ ಉಳಿದ ಸೋಡ ಕಾವಿಗೆ ಒಡೆದು ಇನ್ನಷ್ಟು ಅನಿಲ ಬಿಡುತ್ತದೆ. ಹಿಂದೆ ಉಳಿಯುವುದು ಸೋಡಿಯಂ ಕಾರ್ಬೋನೇಟ್, ನಾವು ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡ. ಸೋಪಿನ ರುಚಿಗೂ ಕಹಿಗೂ ಮೂಲ ಅದೇ. ಮೊಟ್ಟೆ ಮತ್ತು ಮೈದಾ ಬೆಂದು ಗಟ್ಟಿಯಾಗುವ ಮೊದಲೇ ಅನಿಲ ವಿಪರೀತವಾಗಿ ಹುಟ್ಟಿದ್ದರಿಂದ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡವಾಗಿ ಒಡೆದವು, ಹಿಟ್ಟು ಉಕ್ಕಿ ಹೊರಚೆಲ್ಲಿತು, ನಡುಭಾಗ ಕುಸಿಯಿತು. ಕ್ಷಾರ ಹೆಚ್ಚಿದಷ್ಟೂ ಕೇಕಿನ ಮೈ ಬೇಗ ಕಂದಾಗುವುದರಿಂದ ಮೇಲ್ಪದರ ಕಪ್ಪಾಯಿತು.

ಬೀಟ್‌ರೂಟಿನ ವಿಷಯದಲ್ಲಿ ಇನ್ನೊಂದು ನಷ್ಟವೂ ಇದೆ. ಕ್ಯಾರೆಟ್ಟಿನ ಕಿತ್ತಳೆ ಬಣ್ಣಕ್ಕೆ ಕಾರಣವಾದ ಕ್ಯಾರೋಟಿನ್ ಓವನ್ನಿನ ಕಾವನ್ನೂ ಕ್ಷಾರವನ್ನೂ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಆದ್ದರಿಂದ ಕ್ಯಾರೆಟ್ ಕೇಕಿನಲ್ಲಿ ಸೋಡ ತುಸು ಹೆಚ್ಚಾದರೂ ಎಳೆಗಳ ಬಣ್ಣ ಸಾಮಾನ್ಯವಾಗಿ ಉಳಿಯುತ್ತದೆ. ಬೀಟ್‌ರೂಟಿನ ಕೆಂಪು ಬೀಟಾನಿನ್ ಎಂಬ ವಸ್ತುವಿನದು. ಹುಳಿಯಲ್ಲಿ ಅದು ಸ್ಥಿರವಾಗಿರುತ್ತದೆ, ಕ್ಷಾರದಲ್ಲಿ ಒಡೆದು ಹಳದಿಗೆ ತಿರುಗುತ್ತದೆ, ದೀರ್ಘಕಾಲದ ಕಾವಿಗೂ ಮಾಸುತ್ತದೆ. ಗೃಹಿಣಿಗೆ ಇದನ್ನು ನಂಬಿಸಲು ಹೆಚ್ಚು ಮಾತು ಬೇಕಾಗಲಿಲ್ಲ: ಎರಡು ಬಟ್ಟಲುಗಳಲ್ಲಿ ಬೀಟ್‌ರೂಟ್ ರಸ ಹಾಕಿ, ಒಂದಕ್ಕೆ ನಾಲ್ಕು ಹನಿ ನಿಂಬೆರಸ, ಇನ್ನೊಂದಕ್ಕೆ ಸೋಡ ಬೆರೆಸಿ ಬಿಸಿನೀರಿನ ಪಾತ್ರೆಯಲ್ಲಿಟ್ಟೆವು. ನಿಂಬೆರಸದ ಬಟ್ಟಲು ಕೆಂಪಾಗಿಯೇ ನಿಂತಿತು, ಸೋಡದ ಬಟ್ಟಲು ಅವರ ಕಣ್ಣೆದುರಿಗೇ ಹಳದಿ ಕಂದಾಯಿತು. ತಮ್ಮ ಕೈಯಿಂದ ಆದದ್ದಲ್ಲ ಎಂದು ಅವರಿಗೆ ಆಗ ಮನವರಿಕೆಯಾಯಿತು.

ನೀರಿನ ಲೆಕ್ಕ

ಎರಡನೆಯ ತಪ್ಪು ಬರೆದದ್ದರಲ್ಲಿ ಇರಲಿಲ್ಲ, ಬರೆಯದೆ ಬಿಟ್ಟದ್ದರಲ್ಲಿ ಇತ್ತು. "ಬೀಟ್‌ರೂಟ್ 2 ಕಪ್" ಎಂದಷ್ಟೇ ಇತ್ತು. ಹಸಿ ತುರಿಯೋ, ಬೇಯಿಸಿ ರುಬ್ಬಿದ್ದೋ ಎಂದು ಇರಲಿಲ್ಲ. ಹಸಿಯಾಗಿ ತುರಿದ ಬೀಟ್‌ರೂಟ್ ಒಂದು ಕಪ್ಪಿಗೆ ಹೆಚ್ಚೆಂದರೆ 125 ಗ್ರಾಂ ತೂಗುತ್ತದೆ, ಏಕೆಂದರೆ ಎಳೆಗಳ ನಡುವೆ ಗಾಳಿ ತುಂಬಿರುತ್ತದೆ. ಬೇಯಿಸಿ ರುಬ್ಬಿದ್ದು ಅದೇ ಕಪ್ಪಿಗೆ 245 ಗ್ರಾಂ ಹತ್ತಿರ ಬರುತ್ತದೆ. ಹಾಗಾಗಿ ಎರಡು ಕಪ್ ಎಂಬುದು 250 ಗ್ರಾಂ ಆಗಿರಬಹುದು, 490 ಗ್ರಾಮೂ ಆಗಿರಬಹುದು. ಗೃಹಿಣಿ ರುಬ್ಬಿದ್ದನ್ನು ಹಾಕಿದ್ದರು. ಹಾಗೆ ಮಾಡಿದ್ದು ತಪ್ಪು ಎನ್ನಲು ಪಾಕವಿಧಾನದಲ್ಲಿ ಒಂದು ಮಾತೂ ಇರಲಿಲ್ಲ.

ಬೀಟ್‌ರೂಟಿನ ತೂಕದಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಕ್ಯಾರೆಟ್ಟೂ ಅಷ್ಟೇ, ಸಿಹಿಕುಂಬಳದಲ್ಲಿ ಅದಕ್ಕಿಂತ ತುಸು ಹೆಚ್ಚು, ಸೌತೆಕಾಯಿ, ಜುಕಿನಿಗಳಲ್ಲಿ 95ರ ಆಸುಪಾಸು. ತರಕಾರಿ ಕೇಕ್ ಮಾಡುವವರು ತರಕಾರಿಯನ್ನು ಮೈದಾದ ಜೊತೆಗಲ್ಲ, ಹಾಲಿನ ಜೊತೆಗೆ ಸೇರಿಸಿ ಎಣಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಈ ಪಾಕವಿಧಾನದಲ್ಲಿ ಎರಡು ಕಪ್ ಮೈದಾ 250 ಗ್ರಾಂ. ಮೂರು ಮೊಟ್ಟೆಗಳಿಂದ ಸುಮಾರು 110 ಗ್ರಾಂ ನೀರು, ಅರ್ಧ ಕಪ್ ಮೊಸರಿನಿಂದ 105 ಗ್ರಾಂ. ಹಸಿ ತುರಿ ಹಾಕಿದರೆ ಅದರೊಳಗೆ 220 ಗ್ರಾಂ ನೀರು ಇರುತ್ತದೆ, ಒಟ್ಟು 435. ರುಬ್ಬಿದ್ದನ್ನು ಹಾಕಿದರೆ ತರಕಾರಿಯೊಂದರಿಂದಲೇ 425 ಗ್ರಾಂ, ಒಟ್ಟು 640. ಅಂದರೆ ಮೈದಾದ ಎರಡೂವರೆ ಪಟ್ಟು. ಮಾಮೂಲಿ ಕೇಕಿನಲ್ಲಿ ನೀರಿನಂಶ ಮೈದಾದ ತೂಕದಷ್ಟು ಅಥವಾ ಸ್ವಲ್ಪ ಹೆಚ್ಚಿರುತ್ತದೆ. ಎರಡೂವರೆ ಪಟ್ಟು ನೀರನ್ನು ಹಿಡಿದಿಡುವ ಶಕ್ತಿ 250 ಗ್ರಾಂ ಮೈದಾಕ್ಕಿಲ್ಲ; ತಳದ ಅಂಟುಪದರಕ್ಕೆ ಇದೇ ಮುಖ್ಯ ಕಾರಣ.

ತುರಿ ಮತ್ತು ರುಬ್ಬಿದ್ದರ ನಡುವಿನ ವ್ಯತ್ಯಾಸ ತೂಕದ್ದು ಮಾತ್ರವಲ್ಲ, ಸಮಯದ್ದೂ ಹೌದು. ರುಬ್ಬಿದಾಗ ನೀರು ಕೂಡಲೇ ಹಿಟ್ಟಿಗೆ ಸಿಗುತ್ತದೆ. ತುರಿಯಲ್ಲಾದರೆ ಬಹುಪಾಲು ನೀರು ಎಳೆಯೊಳಗೇ ಇದ್ದು, ಬೇಯುವಾಗ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ, ಒಂದಷ್ಟು ಅಲ್ಲಿಯೇ ಉಳಿದು ಕೇಕನ್ನು ಮರುದಿನವೂ ಮೃದುವಾಗಿಡುತ್ತದೆ. ಸಕ್ಕರೆ ತಾಗಿದ ಕೂಡಲೇ ಮಾತ್ರ ಲೆಕ್ಕ ಬದಲಾಗುತ್ತದೆ: ತುರಿಗೆ ಸಕ್ಕರೆ ಬೆರೆಸಿ ಹತ್ತು ನಿಮಿಷ ಬಿಟ್ಟರೆ ಅದು ನೀರನ್ನು ಎಳೆದು ತಂದು ಪಾತ್ರೆಯ ತಳದಲ್ಲಿ ನಿಲ್ಲಿಸುತ್ತದೆ. ಈ ಸಂಗತಿ ಗೊತ್ತಿಲ್ಲದವರು, ಕಲಸಿದ ಕೂಡಲೇ ಹಿಟ್ಟು ಗಟ್ಟಿಯಾಗಿ ಕಂಡದ್ದನ್ನು ನೋಡಿ ಕಾಲು ಕಪ್ ಹಾಲು ಸುರಿದುಬಿಡುತ್ತಾರೆ. ಓವನ್ನಿಗೆ ಹೋಗುವ ಹೊತ್ತಿಗೆ ಹಿಟ್ಟು ನೀರಾಗಿರುತ್ತದೆ. ಸರಿಯಾದ ಪಾಕವಿಧಾನದಿಂದ ಮಾಡಿದ ಎಷ್ಟೋ ತರಕಾರಿ ಕೇಕುಗಳೂ ಕೆಡುವುದು ಈ ಒಂದು ಅವಸರದಿಂದ.

ನಮ್ಮ ಕರಾವಳಿಯಲ್ಲಿ, ಉತ್ತರ ಕನ್ನಡದ ಕೊಂಕಣಿ ಮನೆಗಳಲ್ಲಿ ಮಾಡುವ ತವಸಳಿಯಲ್ಲಿ ಈ ತಿಳಿವಳಿಕೆ ಮೊದಲಿನಿಂದ ಇದೆ. ಬಲಿತ ಸೌತೆಕಾಯಿಯ ತುರಿ, ಅಕ್ಕಿ ರವೆ, ಬೆಲ್ಲ, ತೆಂಗಿನಕಾಯಿ, ಏಲಕ್ಕಿ ಸೇರಿಸಿ ಮಾಡುವ ಈ ಸೌತೆಕಾಯಿ ಕೇಕಿಗೆ ಬೇರೆ ನೀರು ಹಾಕುವ ಪದ್ಧತಿಯಿಲ್ಲ. ಸೌತೆಕಾಯಿ ಬಿಟ್ಟ ನೀರನ್ನೇ ರವೆ ಕುಡಿದು ಅರಳಬೇಕು. ರವೆ ಎಷ್ಟು ಹಾಕಬೇಕೆಂಬುದನ್ನು ಆ ದಿನದ ಕಾಯಿ ಎಷ್ಟು ನೀರು ಬಿಟ್ಟಿದೆ ಎಂದು ನೋಡಿ ನಿರ್ಧರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಆರ್ಗಾವ್ ಪ್ರಾಂತದ ಹೆಸರುವಾಸಿ ಕ್ಯಾರೆಟ್ ಕೇಕಿನಲ್ಲಿ ಇದೇ ಕೆಲಸವನ್ನು ಬಾದಾಮಿ ಪುಡಿ ಮಾಡುತ್ತದೆ. ತರಕಾರಿ ಕೇಕಿನಲ್ಲಿ ನೀರು ಕುಡಿಯುವವರು ಯಾರು ಎಂಬ ಪ್ರಶ್ನೆಗೆ ಈ ಎರಡೂ ತಿನಿಸುಗಳಲ್ಲಿ ಸ್ಪಷ್ಟ ಉತ್ತರವಿದೆ. ನಮ್ಮ ಎದುರಿಗಿದ್ದ ಪಾಕವಿಧಾನದಲ್ಲಿ ಇರಲಿಲ್ಲ.

ಅಚ್ಚು ಮತ್ತು ಸಮಯ

ಮೂರನೆಯ ತಪ್ಪು ಸುಲಭವಾಗಿ ಸಿಕ್ಕಿತು. ತುರಿ ಹಾಕಿದರೂ ಹಿಟ್ಟಿನ ಒಟ್ಟು ತೂಕ ಸುಮಾರು ಒಂದೂಕಾಲು ಕಿಲೋ ಆಗುತ್ತದೆ. 2 ಇಂಚು ಎತ್ತರದ, 7 ಇಂಚಿನ ದುಂಡು ಅಚ್ಚಿನಲ್ಲಿ ಅಂಚಿನವರೆಗೆ ತುಂಬಿದರೂ ಹಿಡಿಯುವುದು ಒಂದೂಕಾಲು ಲೀಟರಿನಷ್ಟು. ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಅಷ್ಟು ಹಿಟ್ಟು ಒಂದೇ ಅಚ್ಚಿನಲ್ಲಿ 30 ನಿಮಿಷಕ್ಕೆ ಬೇಯುವುದೂ ಸಾಧ್ಯವಿಲ್ಲ, ಎರಡು ಅಚ್ಚುಗಳಿಗೆ ಹಂಚಿದರೆ ಮಾತ್ರ ಆ ಸಮಯಕ್ಕೆ ಅರ್ಥ ಬರುತ್ತದೆ. ಮೂಲದಲ್ಲಿ ಇದು ಎರಡು ಪದರದ ಕೇಕ್ ಆಗಿದ್ದು, ನಕಲಾಗುವಾಗ "ಎರಡು" ಎಂಬ ಮಾತು ಕಳೆದುಹೋಗಿರಬೇಕು.

ಸಿದ್ಧವಾಗಿದ್ದ ಒಣ ಹಿಟ್ಟನ್ನು ಉಳಿಸಿಕೊಂಡದ್ದು

ಆ ಹೊತ್ತಿಗೆ ಮನೆಯಲ್ಲಿದ್ದದ್ದು 15 ಗ್ರಾಂ ಸೋಡ ಬೆರೆತ 250 ಗ್ರಾಂ ಮೈದಾ. ಗೃಹಿಣಿ ಮೊದಲು ಕೇಳಿದ್ದು, ನಿಂಬೆರಸ ಹೆಚ್ಚು ಹಾಕಿ ಸೋಡವನ್ನು ತಣಿಸಬಹುದೇ ಎಂದು. ಬಹಳ ಜನ ಕೊಡುವ ಸಲಹೆಯೂ ಅದೇ. ಲೆಕ್ಕ ಹಾಕಿದರೆ ಅದು ಆಗದ ಮಾತು: ಒಂದು ಟೇಬಲ್ ಚಮಚ ನಿಂಬೆರಸ ತಣಿಸುವುದು ಸುಮಾರು ಒಂದು ಗ್ರಾಂ ಸೋಡವನ್ನು. ಹೆಚ್ಚುವರಿಯಾಗಿದ್ದ 10 ಗ್ರಾಮಿಗೆ 140 ಮಿಲಿಲೀಟರಿಗೂ ಮಿಕ್ಕಿ ನಿಂಬೆರಸ ಬೇಕಾಗುತ್ತದೆ. ಹಾಗೆ ಮಾಡಿದರೆ ಈಗಾಗಲೇ ನೀರು ಹೆಚ್ಚಾದ ಹಿಟ್ಟಿಗೆ ಅರ್ಧ ಕಪ್ಪಿಗಿಂತ ಹೆಚ್ಚು ನೀರು ಸೇರಿಸಿದಂತಾಗುತ್ತದೆ, ಎಲ್ಲ ಅನಿಲವೂ ಪಾತ್ರೆಯಲ್ಲೇ ಬುಸುಗುಟ್ಟಿ ಹೊರಟುಹೋಗುತ್ತದೆ. ಸೋಡ ಹೆಚ್ಚಾದಾಗ ಸರಿಯಾದ ಉಪಾಯವೆಂದರೆ ಉಳಿದದ್ದನ್ನು ಹೆಚ್ಚಿಸುವುದು, ಅಥವಾ ಸೋಡ ಬೆರೆತದ್ದರಲ್ಲಿ ಬೇಕಾದಷ್ಟನ್ನೇ ತೆಗೆದುಕೊಳ್ಳುವುದು.

ಹಿಟ್ಟು ಇನ್ನೂ ಒಣಗಿದ್ದದ್ದು ಅದೃಷ್ಟವೇ ಸರಿ. ಮೈದಾ, ಸೋಡ, ಕೋಕೋ, ಉಪ್ಪು ಸೇರಿ ಒಟ್ಟು 283 ಗ್ರಾಂ ಇತ್ತು. ಸೋಡ ಎಲ್ಲ ಕಡೆಗೂ ಸಮನಾಗಿ ಹರಡಲೆಂದು ಅದನ್ನು ಮತ್ತೆ ಮತ್ತೆ ಜರಡಿ ಹಿಡಿದೆವು. ಈ ಕೆಲಸದಲ್ಲಿ ಉದಾಸೀನ ಮಾಡಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಆಮೇಲೆ ಅದರ ಆರನೇ ಒಂದು ಭಾಗವನ್ನು, ಅಂದರೆ 47 ಗ್ರಾಮನ್ನು ತೂಗಿ ತೆಗೆದೆವು. ಅದರಲ್ಲಿ 42 ಗ್ರಾಂ ಮೈದಾ, 2.5 ಗ್ರಾಂ ಸೋಡ ಇರುತ್ತವೆ. ಸೋಡ ಅರ್ಧ ಟೀ ಚಮಚದಷ್ಟಾಯಿತು. ಅದಕ್ಕೆ 208 ಗ್ರಾಂ ಹೊಸ ಮೈದಾ, ಕಡಿಮೆಯಾದ ಕೋಕೋ ಮತ್ತು ಉಪ್ಪು, ಜೊತೆಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿದೆವು. ಅರ್ಧ ಕಪ್ ಮೊಸರು ಸುಮಾರು ಕಾಲು ಟೀ ಚಮಚ ಸೋಡವನ್ನು ತಣಿಸುತ್ತದೆ, ಒಂದು ಟೇಬಲ್ ಚಮಚ ನಿಂಬೆರಸ ಉಳಿದದ್ದರ ಬಹುಪಾಲನ್ನು. ಹೀಗೆ ಹುಳಿ ಮತ್ತು ಸೋಡ ಒಂದಕ್ಕೊಂದು ಸರಿಹೊಂದಿದವು, ಬಣ್ಣ ಕೆಡಿಸುವ ಕ್ಷಾರ ಉಳಿಯಲಿಲ್ಲ. ಮಿಕ್ಕ 236 ಗ್ರಾಂ ಒಣ ಮಿಶ್ರಣವನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಒಳಗೆ ಏನೇನು ಎಷ್ಟೆಷ್ಟಿದೆ ಎಂದು ಚೀಟಿ ಅಂಟಿಸಿದೆವು. ಒಂದು ಹನಿ ನೀರೂ ತಾಗದಿದ್ದರೆ ಅದು ಮುಂದಿನ ಕೆಲವು ಕೇಕುಗಳಿಗೆ ಇದೇ ರೀತಿ ಸಲ್ಲುತ್ತದೆ.

ಮೊಸರು, ಮೊಟ್ಟೆ ಎಲ್ಲ ಸೇರಿಬಿಟ್ಟಿದ್ದರೆ ಉಪಾಯ ಇಷ್ಟು ಸುಲಭವಿರುತ್ತಿರಲಿಲ್ಲ. ಆಗಲೂ ಹಿಟ್ಟಿನ ಮೂರನೇ ಒಂದು ಭಾಗಕ್ಕೆ ಸೋಡ ಬಿಟ್ಟು ಉಳಿದ ಸಾಮಗ್ರಿಗಳನ್ನು ಮೂರನೇ ಎರಡು ಭಾಗದಷ್ಟು ಸೇರಿಸಿ ಒಂದು ಕೇಕ್ ಮಾಡಬಹುದಿತ್ತು. ಆದರೆ ಕೆಲವೇ ನಿಮಿಷಗಳಲ್ಲಿ ಓವನ್ನಿಗೆ ಇಡಬೇಕಾಗುತ್ತಿತ್ತು, ಮಿಕ್ಕ ಹಿಟ್ಟನ್ನು ಚೆಲ್ಲಬೇಕಾಗುತ್ತಿತ್ತು.

ಎರಡನೆಯ ಕೇಕ್

ರುಬ್ಬಿದ ಬೀಟ್‌ರೂಟನ್ನು ಕೇಕಿನಿಂದ ಹೊರಗಿಟ್ಟೆವು; ಅದು ಆ ರಾತ್ರಿ ಮನೆಯವರಿಗೆ ಹಲ್ವವಾಯಿತು. 320 ಗ್ರಾಂ ಬೀಟ್‌ರೂಟನ್ನು ಹಸಿಯಾಗಿ ತುರಿದು, ತೆಳು ಬಟ್ಟೆಯಲ್ಲಿ ಕಟ್ಟಿ, ತುರಿ 250 ಗ್ರಾಮಿಗೆ ಇಳಿಯುವವರೆಗೆ ಮೆಲ್ಲಗೆ ಹಿಂಡಿದೆವು. ಹೊರಬಂದ 70 ಗ್ರಾಂ ರಸವನ್ನು ಚೆಲ್ಲದೆ ಎತ್ತಿಟ್ಟೆವು, ಅದಕ್ಕೊಂದು ಉಪಯೋಗ ಕಾದಿತ್ತು.

ಆ ಮನೆಯ ಓಟಿಜಿಯಲ್ಲಿ 7 ಇಂಚಿನ ಎರಡು ಅಚ್ಚುಗಳು ಒಟ್ಟಿಗೆ ಹಿಡಿಯುತ್ತಿರಲಿಲ್ಲ. ಮೊದಲನೆಯದು ಬೇಯುವವರೆಗೆ ಎರಡನೆಯ ಅಚ್ಚಿನ ಹಿಟ್ಟು ಹೊರಗೆ ಕಾದರೆ ಸೋಡದ ಅನಿಲ ಆರಿಹೋಗುತ್ತದೆ, ತುರಿ ಸಕ್ಕರೆಗೆ ನೀರು ಬಿಡುತ್ತದೆ. ಆದ್ದರಿಂದ ಒಣ ಸಾಮಗ್ರಿ, ಹಸಿ ಸಾಮಗ್ರಿ, ತುರಿ ಮೂರನ್ನೂ ಬೇರೆ ಬೇರೆಯಾಗಿ ತೂಗಿ ಎರಡೆರಡು ಪಾಲು ಮಾಡಿ, ಪ್ರತಿ ಪಾಲನ್ನೂ ಓವನ್ನಿಗೆ ಇಡುವ ಮುನ್ನವಷ್ಟೇ ಒಂದುಗೂಡಿಸಿದೆವು. ಮೊದಲ ಪಾಲು ಕಲಸಿದಾಗ ಹಿಟ್ಟು ಚಮಚದಿಂದ ಬೀಳದಷ್ಟು ಗಟ್ಟಿಯಾಗಿತ್ತು, ಗೃಹಿಣಿಯ ಕೈ ತಾನಾಗಿಯೇ ಹಾಲಿನ ಪಾತ್ರೆಯತ್ತ ಹೋಯಿತು. ಐದು ನಿಮಿಷ ತಡೆಯಲು ಹೇಳಿದೆ. ಆ ಐದು ನಿಮಿಷದಲ್ಲಿ ಹಿಟ್ಟಿನ ಮೇಲೆ ಕೆಂಪು ಗೆರೆಗಳು ಕಾಣಿಸಿಕೊಂಡವು, ಮತ್ತೊಮ್ಮೆ ಮೆತ್ತಗೆ ತಿರುವಿದಾಗ ಅದು ಇಡ್ಲಿ ಹಿಟ್ಟಿನ ಹದಕ್ಕೆ ಬಂದು ಚಮಚದಿಂದ ನಿಧಾನವಾಗಿ ಜಾರಿತು.

ಕಾವನ್ನು 170 ಡಿಗ್ರಿಗೆ ಇಳಿಸಿದೆವು, ಬಣ್ಣವೂ ಸ್ವಲ್ಪ ಉಳಿಯಲಿ, ನಡುಭಾಗ ಬೇಯುವ ಮೊದಲು ಅಂಚು ಒಣಗದಿರಲಿ ಎಂದು. ಪ್ರತಿ ಅಚ್ಚಿಗೆ 35 ನಿಮಿಷ ಬೇಕಾಯಿತು. ತರಕಾರಿ ಕೇಕುಗಳಲ್ಲಿ ಕಡ್ಡಿ ಚುಚ್ಚಿ ನೋಡುವ ಪರೀಕ್ಷೆಯೊಂದನ್ನೇ ನಂಬಬಾರದು; ಕಡ್ಡಿ ತರಕಾರಿಯ ಎಳೆಗೆ ತಾಗಿದರೆ ಬೆಂದ ಕೇಕಿನಿಂದಲೂ ಒದ್ದೆಯಾಗಿ ಬರುತ್ತದೆ. ಅಡುಗೆ ಥರ್ಮಾಮೀಟರ್ ಇದ್ದವರು ನಡುಭಾಗದ ಕಾವು 97 ಡಿಗ್ರಿ ಆಸುಪಾಸಿಗೆ ಬಂದಿದೆಯೇ ನೋಡಬೇಕು, ಇಲ್ಲದವರು ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಕೇಕ್ ಮತ್ತೆ ಮೇಲೇಳುತ್ತದೆಯೇ, ಅಂಚು ಅಚ್ಚನ್ನು ಬಿಡುತ್ತಿದೆಯೇ ಎಂದು ನೋಡಬೇಕು. ಎರಡೂ ಪದರಗಳು ಮಟ್ಟಸವಾಗಿ ಎದ್ದವು, ಸೋಪಿನ ವಾಸನೆ ಇರಲಿಲ್ಲ. ಬೀಟ್‌ರೂಟಿನ ಮಣ್ಣಿನ ವಾಸನೆಯೂ ಬಹಳ ಕಡಿಮೆಯಾಗಿತ್ತು. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವೇ ಬೀಟ್‌ರೂಟಿನಲ್ಲಿಯೂ ಇದೆ. ಹುಳಿಯಲ್ಲಿ ಅದು ಒಡೆಯುತ್ತದೆ. ಹೀಗೆ ಬಣ್ಣಕ್ಕೆಂದು ಹಾಕಿದ ನಿಂಬೆರಸದಿಂದ ರುಚಿಗೂ ಒಳ್ಳೆಯದಾಯಿತು.

ಆದರೂ ಒಳಗಿನ ಬಣ್ಣ ಕಡು ಕೆಂಪಾಗಿರಲಿಲ್ಲ. ಇಟ್ಟಿಗೆಯ ಕೆಂಪಿಗೆ ಕೋಕೋ ಬೆರೆತಂತೆ ಇತ್ತು. ಅರ್ಧ ಗಂಟೆ ಓವನ್ನಿನಲ್ಲಿದ್ದ ಬೀಟ್‌ರೂಟಿನಿಂದ ಅದಕ್ಕಿಂತ ಹೆಚ್ಚು ಬಯಸುವುದು ಸರಿಯಲ್ಲ. ಬೀಟ್‌ರೂಟ್ ಕೇಕಿನ ಹೆಸರಿನಲ್ಲಿ ಹರಿದಾಡುವ ಕೆಂಡದಂಥ ಕೆಂಪಿನ ಚಿತ್ರಗಳಲ್ಲಿ ಬೇರೆ ಬಣ್ಣದ ಕೈವಾಡವಿರುವುದೇ ಹೆಚ್ಚು ಎಂದು ನನ್ನ ನಂಬಿಕೆ, ಅವನ್ನು ನೋಡಿ ಹೊಸಬರು ತಮ್ಮ ಕೆಲಸದ ಬಗ್ಗೆ ಕುಗ್ಗುವುದನ್ನು ಕಂಡರೆ ಬೇಸರವಾಗುತ್ತದೆ. ಈ ಪ್ರಕರಣದಲ್ಲಿ ನಾವು ಮಾಡಿದ್ದು, ಕೆಂಪನ್ನು ಕೇಕಿನ ಒಳಗಿನಿಂದ ಹೊರಗೆ ತಂದದ್ದು. ಎತ್ತಿಟ್ಟಿದ್ದ ರಸಕ್ಕೆ ಕೆಲವು ಹನಿ ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಎರಡು ಟೇಬಲ್ ಚಮಚಕ್ಕೆ ಇಳಿಸಿ, ಪೂರ್ತಿ ಆರಿದ ಮೇಲೆ ಬೆಣ್ಣೆ ಮತ್ತು ಸಕ್ಕರೆ ಪುಡಿಯ ಕ್ರೀಮಿಗೆ ಚಮಚ ಚಮಚವಾಗಿ ಸೇರಿಸಿದೆವು. ಕ್ರೀಮ್ ಮತ್ತೆ ಓವನ್ನಿಗೆ ಹೋಗುವುದಿಲ್ಲವಾದ್ದರಿಂದ ಅಲ್ಲಿ ಬೀಟ್‌ರೂಟಿನ ನಿಜವಾದ ಗುಲಾಬಿಗೆಂಪು ಹಾಗೆಯೇ ನಿಂತಿತು.

ಮಗುವಿನ ತಾಯಿಗೆ ಗೃಹಿಣಿ ಶನಿವಾರವೇ ಫೋನ್ ಮಾಡಿ, ಹೊರಗೆ ಗುಲಾಬಿಗೆಂಪು, ಒಳಗೆ ಕೆಂಗಂದು ಇರುತ್ತದೆ ಎಂದು ತಿಳಿಸಿ ಒಪ್ಪಿಗೆ ಪಡೆದರು. ಬೀಟ್‌ರೂಟ್ ತಿಂದ ಮರುದಿನ ಕೆಲವರ ಮೂತ್ರ ಕೆಂಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ ಎಂಬುದನ್ನೂ ನನ್ನ ಸೂಚನೆಯಂತೆ ಹೇಳಿದರು. ಮಕ್ಕಳ ಸಮಾರಂಭಕ್ಕೆ ಈ ಕೇಕ್ ಕೊಡುವವರೆಲ್ಲರೂ ಈ ಮಾತನ್ನು ಮೊದಲೇ ಹೇಳಬೇಕು.

ಕೆಟ್ಟ ಮೊದಲ ಕೇಕನ್ನು ಪುಡಿಮಾಡಿ ಪುಡ್ಡಿಂಗಿಗೋ ಲಡ್ಡಿಗೋ ಬಳಸಬಹುದೇ ಎಂಬ ಪ್ರಶ್ನೆ ಬಂದಿತು. ನಡುವೆ ಕುಸಿದ ಕೇಕ್, ಗಟ್ಟಿಯಾದ ಕೇಕ್, ಒಣಗಿದ ಕೇಕ್, ಇವುಗಳಿಗೆಲ್ಲ ಆ ದಾರಿ ಸರಿ. ತೆಳುವಾಗಿ ಕತ್ತರಿಸಿ ಮತ್ತೆ ಬೇಯಿಸಿ ರಸ್ಕಿನಂತೆ ಮಾಡಿಕೊಳ್ಳಲೂಬಹುದು. ಸೋಡ ಹೆಚ್ಚಾದ ಕೇಕಿಗೆ ಮಾತ್ರ ಬೇಡವೆಂದೆ. ಯಾವ ಹಾಲು, ಯಾವ ಸಕ್ಕರೆಯೂ ಆ ರುಚಿಯನ್ನು ಮುಚ್ಚುವುದಿಲ್ಲ. ಅದೂ ಅಲ್ಲದೆ 15 ಗ್ರಾಂ ಸೋಡದಲ್ಲಿ ಸುಮಾರು 4 ಗ್ರಾಂ ಸೋಡಿಯಂ ಇರುತ್ತದೆ. ದೊಡ್ಡವರು ದಿನಕ್ಕೆ 2 ಗ್ರಾಮಿಗಿಂತ ಕಡಿಮೆ ಸೋಡಿಯಂ ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿರುವ ಮನೆಯಲ್ಲಿ ಅಂಥದ್ದನ್ನು ಉಳಿಸಿಕೊಳ್ಳುವುದರಲ್ಲಿ ಜಾಣತನವಿಲ್ಲ.

ಭಾನುವಾರ ಕೇಕ್ ಕೊಟ್ಟು ಬಂದ ಮೇಲೆ ಗೃಹಿಣಿ ತಿದ್ದಿದ ಪಾಕವಿಧಾನವನ್ನು ಅದೇ ಗುಂಪಿಗೆ ಕಳುಹಿಸಿದರು. ತಪ್ಪು ಅಳತೆ ಇನ್ನೆಷ್ಟು ಮನೆಗಳಲ್ಲಿ ಎಷ್ಟು ಜನರಿಗೆ ತಮ್ಮ ಕೈಗುಣ ಸರಿಯಿಲ್ಲವೆಂಬ ಭಾವನೆ ತಂದಿದೆಯೋ ಎಂಬುದು ಅವರ ಚಿಂತೆಯಾಗಿತ್ತು. ತಿದ್ದಿದ ಪಾಕವಿಧಾನದಲ್ಲಿ ಕಪ್ಪಿನ ಅಳತೆ ಒಂದೂ ಇರಲಿಲ್ಲ: ಮೈದಾ 250 ಗ್ರಾಂ, ಸಕ್ಕರೆ 300 ಗ್ರಾಂ, ಎಣ್ಣೆ 165 ಗ್ರಾಂ, ಮೊಟ್ಟೆ ಚಿಪ್ಪಿಲ್ಲದೆ 150 ಗ್ರಾಂ, ಮೊಸರು 120 ಗ್ರಾಂ, ಹಸಿಯಾಗಿ ತುರಿದು ಹಿಂಡಿದ ಬೀಟ್‌ರೂಟ್ 250 ಗ್ರಾಂ, ಕೋಕೋ 15 ಗ್ರಾಂ, ಉಪ್ಪು 3 ಗ್ರಾಂ, ಸೋಡ 2.5 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ನಿಂಬೆರಸ 15 ಮಿಲಿಲೀಟರ್, ವೆನಿಲ್ಲಾ ರುಚಿಗೆ ತಕ್ಕಷ್ಟು. 7 ಇಂಚಿನ ಎರಡು ಅಚ್ಚುಗಳು, 170 ಡಿಗ್ರಿ, 35 ನಿಮಿಷ. ಇಷ್ಟಾದರೂ ಎರಡೂ ಪದರಗಳ ತಳದಲ್ಲಿ ನೂಲಿನಷ್ಟು ತೆಳುವಾದ ಒಂದು ಬಿಗಿಯಾದ ಗೆರೆ ಉಳಿದಿತ್ತು. ದಪ್ಪ ತುರಿ ಭಾರಕ್ಕೆ ಕೆಳಗಿಳಿದದ್ದು ಅದಕ್ಕೆ ಕಾರಣ. ಮುಂದಿನ ಬಾರಿ ತುರಿಮಣೆಯ ಸಣ್ಣ ಕಣ್ಣಿನ ಬದಿಯಲ್ಲಿ ತುರಿದು, ತೂಗಿಟ್ಟ ಮೈದಾದಲ್ಲಿಯೇ ಒಂದು ಚಮಚ ತೆಗೆದು ತುರಿಗೆ ಹೊರಳಿಸಿ ಹಾಕುವಂತೆ ಪಾಕವಿಧಾನದ ಕೊನೆಯ ಸಾಲಿನಲ್ಲಿ ಸೇರಿಸಿದೆವು.